ಉಳ್ಳಾಗಡ್ಡಿ ಡಾಕ್ಟರಬಾಯಿ

ಮೊಬೈಲಿನಲ್ಲಿ ನೋಡಿದ ಯಾವ ಮದ್ದಿನ ಮಾತೆತ್ತಿದರೂ ನಮ್ಮ ಕಾಲೇಜಿನ ಲೈಬ್ರರಿ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳುತ್ತಿದ್ದರು: "ಹೇಳಿದವ್ರು ಯಾರವ್ವಾ? ಏನರೆ ಮಾರ್ತಾರೇನು?"

ನನ್ನ ಗೆಳತಿ ಒಂದು ವಿಡಿಯೊ ನಂಬಿ ಥೈರಾಯ್ಡ್ ಗುಳಿಗೆ ಬಿಟ್ಟಳು. ಮೇಡಂ ಬೈಯಲಿಲ್ಲ. ಬಿಳಿ ಕೋಟು, ಮಾಸ್ಕು ಹಾಕಿಕೊಂಡು, ದನಿ ಬದಲಿಸಿ, ಉಳ್ಳಾಗಡ್ಡಿ ಮೂಸಿದರೆ ಓದಿದ್ದು ಮರೆಯುವುದಿಲ್ಲವೆಂದು ತಾವೇ ಒಂದು ವಿಡಿಯೊ ಮಾಡಿ ಗುಟ್ಟಾಗಿ ನಮ್ಮ ಗ್ರೂಪಿಗೆ ಹರಿಬಿಟ್ಟರು. ಮರುದಿನ ವರ್ಗವೆಲ್ಲ ಈರುಳ್ಳಿಯ ವಾಸನೆ! ಮೇಡಂ ಅದೇ ವೇಷದಲ್ಲಿ ಒಳಬಂದು ಮಾಸ್ಕು ತೆಗೆದರು.

"ಕೋಟು ನೋಡಿ ನಂಬಿದ್ರಿ. ಹೇಳಾಕಿ ಯಾರಂತ ಒಬ್ಬರರೆ ಕೇಳಿದ್ರೇನು?"

ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಗೆಳತಿ. ಸಂಜೆಯೇ ತನ್ನ ಡಾಕ್ಟರರ ಬಳಿ ಹೋದಳು.

ಆದರೆ ವಿಡಿಯೊ, ಅದರ ಜೊತೆ ನಮ್ಮ ಕಾಲೇಜಿನ ಹೆಸರೂ, ಗೇಟು ದಾಟಿತ್ತು. ಕೆಲವೇ ದಿನಗಳಲ್ಲಿ ಸೊರಡಿ ಹಳ್ಳಿಯಿಂದ ಕುರಿ ಕಾಯುವ ಅಜ್ಜನೊಬ್ಬ ಬಂದ. "ಉಳ್ಳಾಗಡ್ಡಿ ಡಾಕ್ಟರಬಾಯಿ ಎಲ್ಲ್ಯದಾರವ್ವಾ? ಮಣಕಾಲ ಭಾಳ ನೋಯ್ತಾವ."

ಮೇಡಂ ಮುಖ ಕೆಂಪಾಯಿತು. "ನಾ ಡಾಕ್ಟರ ಅಲ್ಲ ಯಜ್ಜಾ, ಪುಸ್ತಕ ಕೊಡಾಕಿ. ಬರ್ರಿ, ಖರೇ ಡಾಕ್ಟರ ಕಡೆ ಹೋಗೂಣು" ಎಂದು ಸ್ಕೂಟಿ ಹೊರಗೆ ತೆಗೆದರು.

ಹಿಂದೆ ಹತ್ತಿ ಕುಳಿತ ಅಜ್ಜ ನಮ್ಮ ಕಡೆ ತಿರುಗಿ ಮೆಲ್ಲಗೆ ಹೇಳಿದ: "ದೊಡ್ಡ ಡಾಕ್ಟರು ಹಿಂಗ ನೋಡ್ರವ್ವಾ, ತಾವು ಡಾಕ್ಟರಂತ ಹೇಳ್ಕೊಳ್ಳೂದಽ ಇಲ್ಲ!"