ಅಂಬಾಸಿಡರೋ, ಫಿಯೆಟ್ಟೋ

ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ನಕಲು ಚೀಟಿ ಹಿಡಿದವಳಿಗೆ ಲೋಕವೆಲ್ಲ ಅಂಗಿಯೊಳಗೆ ಚೀಟಿ ಬಚ್ಚಿಟ್ಟುಕೊಂಡಂತೆ ಕಾಣುತ್ತದೆ. ನಿವೃತ್ತಿಯಾದ ಮೇಲೆ ಜಗಳೂರಿನಲ್ಲಿ ನಾನೇ ಓಡಿಸಲು ಒಂದು ಹಳೇ ಕಾರು ಬೇಕೆನಿಸಿತು. ಹೊನ್ನಾಳಿಯಲ್ಲಿ ಗ್ಯಾರೇಜು ಇಟ್ಟಿರುವ ತಮ್ಮನಿಗೆ ಹೇಳಿದೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದಿರುವುದು ಅವನೊಬ್ಬನೇ.

ಅವನು ಎರಡು ಕಾರು ಹುಡುಕಿದ. ಚನ್ನಗಿರಿಯಲ್ಲೊಂದು ಅಂಬಾಸಿಡರ್, ನ್ಯಾಮತಿಯಲ್ಲೊಂದು ಫಿಯೆಟ್. ಅಂಬಾಸಿಡರ್‌ನ ಯಜಮಾನರು ಅಡಿಕೆ ವ್ಯಾಪಾರಿ. “ಒಂದೂವರೆ ಸಾವಿರ ಸಿಸಿ ಇಂಜಿನ್ ಐತ್ರಿ ಅಕ್ಕಾರೆ. ಮದುವೆ ದಿಬ್ಬಣ ಬಿಟ್ರೆ ಬೇರೆ ಎಲ್ಲಿಗೂ ಹೋಗಿಲ್ಲ. ಅಡಿಕೆ ಮೂಟೆಯಂತೂ ಹೇರೇ ಇಲ್ಲ ನೋಡ್ರಿ” ಎಂದರು. ಮೂಟೆಯ ಮಾತು ನಾನು ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಹಿಂದಿನ ಸೀಟು ಎತ್ತಿದೆ, ಒಂದು ಹಿಡಿ ಅಡಿಕೆ ಚೂರು ಸಿಕ್ಕಿತು. ನನಗೆ ಹಬ್ಬದಷ್ಟು ಖುಷಿಯಾಯಿತು.

ಫಿಯೆಟ್ ಚಿಕ್ಕದು, ಸಾವಿರದ ನೂರು ಸಿಸಿಯೂ ತುಂಬದ ಇಂಜಿನ್. ನಾವು ಹೋದಾಗ ಅದರ ಬಾನೆಟ್ಟು ಬೆಚ್ಚಗಿತ್ತು. ತಣ್ಣಗಿದ್ದರೆ ಸ್ಟಾರ್ಟ್ ಆಗದ ಗಾಡಿಯನ್ನು ಮಾರುವವರು ಮೊದಲೇ ಓಡಿಸಿ ಇಟ್ಟಿರುತ್ತಾರೆ.

“ನಾವು ಬರೋದು ಇವರಿಗೆ ಹೆಂಗೆ ಗೊತ್ತಾತು?” ಎಂದು ತಮ್ಮನನ್ನು ಕೇಳಿದೆ.

“ನಾನೇ ಫೋನ್ ಮಾಡಿದ್ದೆ ಅಕ್ಕಾ. ಮನೇಲಿ ಇರ್ಬೇಕಲ್ಲ ಅವರು!”

ಉತ್ತರ ಸರಿಯಾಗಿಯೇ ಇತ್ತು. ಆದರೂ ಇವನಿಗೆ ಇಲ್ಲಿ ಕಮಿಷನ್ ಇದೆಯೇನೋ ಎಂಬ ಹುಳು ಅಂದೇ ತಲೆಗೆ ಹೊಕ್ಕಿತು.

ಎರಡನ್ನೂ ಒಂದು ದಿನದ ಮಟ್ಟಿಗೆ ಹೊನ್ನಾಳಿಗೆ ತರಿಸಿದೆವು. ಪೆಟ್ರೋಲ್ ಪೈಪನ್ನು ಒಂದು ಲೀಟರ್ ಬಾಟಲಿಗೆ ಸಿಕ್ಕಿಸಿ, ನ್ಯಾಮತಿ ದಾರಿಯಲ್ಲಿ ಅದು ಮುಗಿಯುವವರೆಗೆ ಓಡಿಸಿ ಎಷ್ಟು ದೂರ ಹೋಗುತ್ತದೆಂದು ನೋಡುವುದು ತಮ್ಮನ ಪರೀಕ್ಷೆ. ಬಾಟಲಿ ತುಂಬಿಸಿದ್ದು ನಾನೇ. ಅವನ ಕೈಗೆ ಕೊಡಲಿಲ್ಲ. ಏರು ಸಿಕ್ಕಾಗ ಅಂಬಾಸಿಡರ್ ಗೇರು ಬದಲಿಸದೆಯೇ ಹತ್ತಿತು, ಹಳ್ಳ ದಿಣ್ಣೆ ನನ್ನ ಸೊಂಟಕ್ಕೆ ಗೊತ್ತೇ ಆಗಲಿಲ್ಲ. ಆದರೆ ನ್ಯಾಮತಿ ಇನ್ನೂ ದೂರವಿರುವಾಗಲೇ ನಿಂತಿತು. ಫಿಯೆಟ್ ಏರಿನಲ್ಲಿ ಏದುಸಿರು ಬಿಟ್ಟಿತು, ಸೊಂಟಕ್ಕೆ ಕುಕ್ಕಿತು, ಆದರೂ ನ್ಯಾಮತಿಯ ಮೊದಲ ಮನೆಗಳವರೆಗೆ ಬಂತು. ಸ್ಟೇರಿಂಗು ಹಗುರ, ಸಂದಿಯಲ್ಲೂ ತಿರುಗುತ್ತಿತ್ತು.

“ನಿನ್ನ ಕೈಗೆ ಇದೇ ಸರಿ” ಎಂದ ತಮ್ಮ. ಅವನು ಹಾಗೆಂದಿದ್ದಕ್ಕೇ ನಾಲ್ಕು ದಿನ ತಡಮಾಡಿ, ಕೊನೆಗೆ ಫಿಯೆಟ್ಟನ್ನೇ ಕೊಂಡೆ.

ಜಗಳೂರಿಗೆ ಒಯ್ಯುವ ಮೊದಲು ಒಂದು ವಾರ ಅವನ ಗ್ಯಾರೇಜಿನಲ್ಲೇ ರಿಪೇರಿಗೆ ಬಿಟ್ಟೆ. ನಮ್ಮ ಕಡೆ ಗ್ಯಾರೇಜಿಗೆ ಗಾಡಿ ಬಿಡುವವರು ಬ್ಯಾಟರಿಗೋ ಸ್ಟೆಪ್ನಿಗೋ ಗುಟ್ಟಾಗಿ ಗುರುತು ಹಾಕುವುದುಂಟು, ಒಳ್ಳೆಯದನ್ನು ಬಿಚ್ಚಿಕೊಂಡು ಸವೆದದ್ದನ್ನು ಕೂರಿಸಿಯಾರೆಂಬ ಭಯಕ್ಕೆ. ಕಂಡವರ ಗ್ಯಾರೇಜಿನಲ್ಲಿ ಮಾಡುವ ಕೆಲಸ ಅದು. ತಮ್ಮ ನನಗೆ ಟೀ ತರಲು ಹೋದಾಗ ನಾನು ಬ್ಯಾಗಿನಿಂದ ಉಗುರುಬಣ್ಣ ತೆಗೆದು ಬ್ಯಾಟರಿ, ಕಾರ್ಬ್ಯುರೇಟರ್, ಡೈನಮೋ, ರೇಡಿಯೇಟರ್, ಹಾರನ್ನು, ಐದಕ್ಕೂ ಒಂದೊಂದು ಕೆಂಪು ಚುಕ್ಕಿ ಇಟ್ಟೆ. ಟೀ ಕುಡಿದು ಬಸ್ಸು ಹತ್ತಿದೆ.

ವಾರ ಬಿಟ್ಟು ಹೋದರೆ ಗಾಡಿ ಫಳಫಳ ಹೊಳೆಯುತ್ತಿತ್ತು. ಕೀಲಿ ತಿರುಗಿಸಿದೆ, ಕೆಮ್ಮಿ ಸುಮ್ಮನಾಯಿತು. ಮೂರು ಸಲವೂ ಅದೇ ಕತೆ.

“ಏನೋ ಇದು, ರಿಪೇರಿ ಮಾಡಿದೀಯೋ ಇಲ್ಲೋ?” ಎಂದೆ.

ತಮ್ಮ ಬಾನೆಟ್ಟು ಎತ್ತಿ ನಿಲ್ಲಿಸಿದ. ಕೈ ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ: “ಕಾರ್ಬ್ಯುರೇಟರ್ ಸವೆದಿತ್ತು ಅಕ್ಕಾ. ನನ್ನ ಹತ್ರ ಒಂದು ಹೊಸದಿತ್ತು, ನಿನಗೆ ಇರ್ಲಿ ಅಂತ ಹಾಕಿದ್ದೆ. ಆಮೇಲೆ ಬಿಚ್ಚಿಟ್ಟ ಹಳೇದರ ಮೇಲೆ ನಿನ್ನ ಚುಕ್ಕಿ ಕಾಣಿಸ್ತು. ಅದನ್ನೇ ವಾಪಸ್ ಕೂರಿಸೀನಿ. ಐದೂ ಅದಾವೆ, ನೋಡ್ಕೋ.”

ನನಗೆ ನಾಚಿಕೆಯಾಯಿತು. ಆದರೆ ಅವನ ಮಾತು ಮುಗಿಯುವಷ್ಟರಲ್ಲೇ ನನ್ನ ಕಣ್ಣು ಬಾನೆಟ್ಟಿನೊಳಗೆ ಹೋಗಿ ಚುಕ್ಕಿ ಎಣಿಸುತ್ತಿತ್ತು. ನಾನು ಎಣಿಸುವುದನ್ನು ಅವನು ನೋಡುತ್ತ ನಿಂತಿದ್ದ.