ಕೊಲ್ಲಲಾಗದ ರಾಜ

ಕಮಲಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಟೇಲರ್ ಇದ್ದರು, ಮಕ್ಕಳೇ. ಯಾರು ಬಂದರೂ ಮೊದಲು ಹೆಗಲು ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ಕುಪ್ಪಸ ಹೊಲಿಯುವಾಗಲೂ, ಓಣಿಯ ಜಗಳ ಬಿಡಿಸುವಾಗಲೂ ಅವರದು ಒಂದೇ ಮಾತು: "ಸ್ವಲ್ಪ ಸಡ್ಲ ಇರ್ಲಿ ಬಿಡ್ರಿ."

ಇಂಥವರಿಗೆ ಊರಿನ ನಾಟಕದಲ್ಲಿ ಸಂಶಯದ ರಾಜನ ಪಾತ್ರ ಸಿಕ್ಕಿತು. ಆ ಕಥೆಯಲ್ಲಿ ರಾಜನ ಗೆಳೆಯನೊಬ್ಬ ರಾಣಿಯ ಕರವಸ್ತ್ರ ಕದ್ದು ಚಾಡಿ ಹೇಳುತ್ತಾನೆ. ಅದನ್ನು ನಂಬಿದ ರಾಜ ಅವಳನ್ನು ದಿಂಬಿನಿಂದ ಅದುಮಿ ಕೊಲ್ಲುತ್ತಾನೆ. ಕಲಬುರಗಿಯ ಸ್ಪರ್ಧೆಯಲ್ಲಿ ಬಹುಮಾನ ಗೆಲ್ಲಬೇಕೆಂದು ಟೇಲರಿಗೆ ಬಹಳ ಆಸೆಯಿತ್ತು.

ಸ್ಪರ್ಧೆಯ ಮಧ್ಯಾಹ್ನ ನಾನು ಅವರ ಹೆಂಡತಿಯ ಪಕ್ಕ ಕುಳಿತಿದ್ದೆ. ನಮ್ಮ ಕಡೆ ನಾಟಕದ ನಡುವೆಯೇ ಜನ ವೇದಿಕೆ ಹತ್ತಿ ಪಾತ್ರಧಾರಿಗಳಿಗೆ ಆಹೇರ, ಅಂದರೆ ಉಡುಗೊರೆ, ಕೊಡುವುದುಂಟು. ರಾಜ ದಿಂಬು ಎತ್ತಿದ್ದೇ ತಡ, ಈಕೆ ಕುಪ್ಪಸದ ಖಣ ಹಿಡಿದು ಮೇಲೆ ಹತ್ತಿಬಿಟ್ಟಳು.

"ಈಗ್ಯಾಕ ಬಂದಿ? ಆಕಿ ಸಾಯ್ಲಿ, ತಡಿ," ಎಂದರು ರಾಜ ಮೆಲ್ಲಗೆ.

"ಸತ್ತ ಮ್ಯಾಲ ಉಡಿ ತುಂಬಾಕ ಬರ್ತದೇನ್ರಿ?" ಎಂದು ಆಕೆ ರಾಣಿಗೆ ಕುಂಕುಮ ಹಚ್ಚಿದಳು. "ಈ ಹುಡುಗಿದು ಏನೂ ತಪ್ಪಿಲ್ಲ. ಕರ್ಚೀಪ ಕದ್ದಾಂವ ಪರದೆ ಸಂದ್ಯಾಗ ನಿಂತಾನ. ನಾ ಮೊದಲಿಂದ ನೋಡಾಕತ್ತೀನಿ."

"ಬಹುಮಾನ ಹೋಗ್ತದ."

"ಹೋದ್ರ ಹೋಗ್ಲಿ. ಆ ದಿಂಬ ಇಲ್ಲಿ ಕೊಡ್ರಿ."

ರಾಜ ತೀರ್ಪುಗಾರರನ್ನು ನೋಡಿದರು, ರಾಣಿಯನ್ನು ನೋಡಿದರು, ಕೊಟ್ಟುಬಿಟ್ಟರು. ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ.

ಬಹುಮಾನ ಬೇರೆ ಊರಿನವರ ಪಾಲಾಯಿತು. ಮರಳುವ ಬಸ್ಸಿನಲ್ಲಿ ರಾಜ, ಬಣ್ಣ ಅಳಿಸದ ಮುಖದಲ್ಲೇ, ಆ ದಿಂಬನ್ನು ಹೆಂಡತಿಯ ಹೆಗಲ ಮೇಲಿಟ್ಟು, ಕಮಲಾಪುರ ಬರುವತನಕ ಗೊರಕೆ ಹೊಡೆದರು.