ಕೆರಿಬಿಯನ್ ಕಡಲಲ್ಲಿ ಈಜಿ ಬಂದವನು

ಹಗರಿಬೊಮ್ಮನಹಳ್ಳಿಯ ಸ್ಟೇಷನ್ ಎದುರಿನ ಹೋಟೆಲಿಗೆ ಹಡಗೊಂದರಲ್ಲಿ ಅಡುಗೆಯವನಾಗಿದ್ದ ನಮ್ಮೂರವನೊಬ್ಬ ರಜೆಗೆ ಬಂದಾಗಲೆಲ್ಲ ಬರುತ್ತಿದ್ದ. ಊರ ಹೊರಗಿನ ಕೇರಿಯವನಾದ್ದರಿಂದ ಅವನಿಗೆ ಬೀದಿಯ ಕಟ್ಟೆಯೇ ಗತಿ. ಒಳಗೆ ಬೆಂಚಿನ ಮೇಲೆ ಕುಳಿತ ನಾವು ಕಿಟಕಿಯಿಂದಲೇ ಅವನ ಕಥೆ ಕೇಳುತ್ತಿದ್ದೆವು.

ಸಾವಿರದೊಂಬೈನೂರ ಎಂಬತ್ತರ ಸುಮಾರಿನ ಒಂದು ಬೇಸಿಗೆಯಲ್ಲಿ ಕೆರಿಬಿಯನ್ ದ್ವೀಪವೊಂದರ ಮಾತು ತೆಗೆದ. ಬಂದರಿನಿಂದ ಗುಡ್ಡ ದಾಟಿದರೆ ಹೊರಗಿನವರು ಯಾರೂ ಹೋಗದ ಮರಳ ದಂಡೆ, ಪಕ್ಕದಲ್ಲೇ ಜಲಪಾತ, ಒಂದು ಪಾಳುಕೋಟೆ.

"ಅಲ್ಲಿಯೋರ ಜೋಡಿ ಅದೇ ನೀರಾಗ ಈಜಿದೆ. ನೀ ಯಾರವ ಅಂತ ಯಾರೂ ಕೇಳಲಿಲ್ರಿ," ಎನ್ನುತ್ತ ಅಂಗೈಯನ್ನು ನೀರಿನ ಮೇಲೆಂಬಂತೆ ಆಡಿಸಿದ. "ಮೀನು ಸುಡೋ ಮುದುಕಿ ತನ್ನ ಗಂಗಾಳದಾಗ ಉಣ್ಣಾಕ ಕೊಟ್ಲು. ಅಕಿನೂ ಕೇಳಲಿಲ್ರಿ."

ಅಷ್ಟರಲ್ಲಿ ಮಾಲೀಕ ಚಹಾ ತಂದು, ಹೊರಗೋಡೆಯ ಗೂಡು ತೋರಿಸಿ, "ನಿನ್ನ ಗ್ಲಾಸು ತಗೋ ಲೇ," ಎಂದ.

ಅವನು ಎದ್ದ. ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದ ಗ್ಲಾಸು ತೆಗೆದು ರಸ್ತೆಗೆ ಅಪ್ಪಳಿಸಿದ. ಆಮೇಲೆ ಕಿಟಕಿಗೆ ಬಂದು ನನ್ನನ್ನೇ ನೋಡಿ ಕೇಳಿದ:

"ನನ್ನ ಕಥಿ ಒಳಗ ಬರಬೌದು, ನಾ ಬರಬಾರದು. ಹೌದಿಲ್ರಿ?"

ನನ್ನ ಪಕ್ಕದ ಜಾಗ ಖಾಲಿಯಿತ್ತು. ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಅವನು ಹೊರಟುಹೋದ. ಇವತ್ತಿಗೂ ನನಗೆ ಸಿಟ್ಟು ಬರುವುದು ಆ ಮಾಲೀಕನ ಮೇಲಲ್ಲ.